ಹರಕೆ ಹುಂಜವೂ ನಾಸ್ತಿಕನ ಬದನೆಕಾಯಿಯೂ

ನನ್ನ ಹೆಸರು ಶಿವರಾಮ. ಒಂದೇ ಹೆಸರಿನಲ್ಲಿ ಇಬ್ಬರು ದೇವರನ್ನು ಹೊತ್ತು ತಿರುಗುವ ಮನುಷ್ಯ ನಾಸ್ತಿಕನಾದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಎಂದು ನಂಬಿದ್ದೆ. ನನಗಿದ್ದ ಒಂದೇ ಒಂದು ನಂಬಿಕೆ ಅದು. ಅದೂ ಸುಳ್ಳಾಯಿತು!

ಮಡಕಶಿರದಲ್ಲಿ, ನಾವಿರುವ ಬೀದಿಯಲ್ಲೇ, ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಗಿರಾಕಿಗಳು ಕಡಿಮೆ, ಇಂಟರ್‌ನೆಟ್ ಜಾಸ್ತಿ. ಹೀಗಾಗಿ ದೇವರಿದ್ದಾನೋ ಇಲ್ಲವೋ ಎಂಬ ವಾದದ ವಿಡಿಯೋಗಳನ್ನು ಒಂದು ಮಳೆಗಾಲವಿಡೀ ನೋಡಿ, ಇಲ್ಲ ಎಂದು ತೀರ್ಮಾನಿಸಿದೆ. ಲೋಕಕ್ಕೆ ಸಾರುವ ಮೊದಲು ಹೆಂಡತಿಗೆ ತಿಳಿಸುವುದು ಕ್ಷೇಮವೆಂದು ಅಡುಗೆಮನೆಗೆ ಹೋದೆ.

ಶಾರದಾ ರಾಯದುರ್ಗದ ಕಡೆಯವಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆಯೇ, "ದೇವ್ರು ಇಲ್ಲಂದ್ರ ಬಿಡ್ರಿ. ನಾಳಿಗೆ ಗ್ಯಾಸೂ ಇರಂಗಿಲ್ಲ. ಮೊದ್ಲ ಅದನ್ನ ತರ್ರಿ," ಎಂದಳು.

ಮನೆಯಲ್ಲಿ ಬೆಲೆ ಸಿಗದ ತತ್ವಜ್ಞಾನಿಗೆ ಟೀ ಹೋಟೆಲ್ಲೇ ಗತಿ. ಬೀದಿ ತುದಿಯ ಹೋಟೆಲ್ಲಿನಲ್ಲಿ ನನ್ನ ಎದುರಾಳಿ ಹನುಮಂತಣ್ಣ. ರೇಷ್ಮೆಗೂಡಿನ ಚೀಲಗಳನ್ನು ಹಿಂದೂಪುರದ ಮಾರ್ಕೆಟ್ಟಿಗೆ ಹೊಡೆಯುವ ಗೂಡ್ಸ್ ಆಟೋ ಅವನದು. ಆಟೋದ ಮುಂದಿನ ಗಾಜಿನ ತುಂಬ ದೇವರ ಸ್ಟಿಕ್ಕರ್. ಅವುಗಳ ಸಂದಿಯಲ್ಲಿ ರಸ್ತೆ ಕಾಣುವುದು ಅಂಗೈಯಗಲ. ಆದರೂ ಇದುವರೆಗೆ ಯಾರಿಗೂ ಗುದ್ದಿಲ್ಲ. ದೇವರಿದ್ದಾನೆ ಎನ್ನಲು ಅವನ ಬಳಿಯಿದ್ದ ಬಲವಾದ ಸಾಕ್ಷಿ ಅದೇ. ಪುಣ್ಯಕ್ಕೆ ಅವನಿಗೆ ಅದು ಹೊಳೆದಿರಲಿಲ್ಲ.

"ಅಲ್ಲ ಕಣೋ ಶಿವರಾಮು, ದೇವ್ರ ಭಯ ಇಲ್ದಿದ್ರೆ ಕಳ್ತನ ಮಾಡಕ್ಕೆ ಮನ್ಷ ಯಾಕೆ ಹೆದರ್ತಾನೆ?"

"ನಾನು ಕದಿಯಲ್ಲ ಅಣ್ಣ. ನಂಗೆ ಆತ್ಮಸಾಕ್ಷಿ ಐತೆ."

"ಎಲ್ಲೈತೆ? ತೋರ್ಸು."

"ನಿನ್ ದೇವ್ರು ಎಲ್ಲವ್ನೆ? ತೋರ್ಸು!"

"ಅಗೋ, ಆಟೋ ಮುಂದ್ಗಡೆ ಅವ್ನಲ್ಲ!"

ಹೋಟೆಲ್ಲೇ ನಕ್ಕಿತು. ನನಗೆ ಉರಿಯಿತು. ಸರಿಯಾಗಿ ಆಗಲೇ ನಮ್ಮ ಪಕ್ಕದ ಮನೆ ಗಂಗಜ್ಜಿಯ ಹುಂಜ ಎದುರಿಗೆ ಬಂತು. ಅಜ್ಜಿಗೆ ಪೊರೆ ಬಂದು ಕಣ್ಣಿನ ಆಪರೇಷನ್ ಆಗಿತ್ತು. ಕಣ್ಣು ಸರಿಹೋದರೆ ಮಾರಮ್ಮನಿಗೆ ಹುಂಜ ಕೊಡುತ್ತೇನೆಂದು ಹರಕೆ ಹೊತ್ತು ಬಿಟ್ಟಿದ್ದ ಹುಂಜ ಅದು. ಒಣಹಾಕಿದ ಕಡಲೆಕಾಯಿಗೆ ಬಾಯಿ ಹಾಕಿದರೂ ಯಾರೂ ಹೊಡೆಯುವಂತಿಲ್ಲ. ಹಾಗಾಗಿ ಅದರ ನಡಿಗೆಯೇ ಬೇರೆ, ಎಲೆಕ್ಷನ್ ಗೆದ್ದವರ ನಡಿಗೆ!

ನಾನು ಎದ್ದು ನಿಂತು ಘೋಷಿಸಿದೆ. "ನೋಡ್ರಪ್ಪಾ! ಅಜ್ಜಿ ಕಣ್ಣು ಸರಿ ಮಾಡಿದ್ದು ಡಾಕ್ಟ್ರು, ಕೋಳಿ ಮಾತ್ರ ಮಾರಮ್ಮಂಗೆ! ಇದನ್ನ ನಾನೇ ಸಾರು ಮಾಡ್ಕೊಂಡು ಉಂಡ್ರೂ ಏನೂ ಆಗಲ್ಲ!"

ಹನುಮಂತಣ್ಣ ಟೀ ಲೋಟ ಕೆಳಗಿಟ್ಟು ಕೆನ್ನೆ ಬಡಿದುಕೊಂಡ. ಹುಂಜ ನಿಂತು ಕತ್ತು ಓರೆ ಮಾಡಿ ನನ್ನನ್ನು ನೋಡಿತು. ಗೆದ್ದೆ ಅಂದುಕೊಂಡೆ.

ಮರುದಿನ ರಾಯದುರ್ಗದಿಂದ ಮಾವ ಬರುವವರಿದ್ದರು. ಮದುವೆಯಾದ ಮೇಲೆ ಮೊದಲ ಸಲ. ಅಳಿಯ ಎಂಥ ಗುಣವಂತ ಎಂದು ತೋರಿಸಲು ಮಾರ್ಕೆಟ್ಟಿಗೆ ಹೋಗಿ ಒಳ್ಳೆಯ ನಾಟಿ ಕೋಳಿ ತಂದು, ಹಿತ್ತಲಲ್ಲಿ ಕೂತು ಪುಕ್ಕ ಕೀಳುತ್ತಿದ್ದೆ. ಗೋಡೆಯಾಚೆ ಗಂಗಜ್ಜಿಯ ಕೂಗು ಎದ್ದಿತು.

"ಅಯ್ಯೋ, ನನ್ ಹುಂಜ ಕಾಣ್ತಿಲ್ಲ ಕಣ್ರಪ್ಪೋ! ಶಿವರಾಮು, ಹಿತ್ಲಾಗೆ ಇದ್ದೀಯೇನೋ? ಏನ್ ಮಾಡ್ತಿದ್ದೀಯಾ?"

'ಮಾರ್ಕೆಟ್ಟಿನ ಕೋಳಿ ಕ್ಲೀನ್ ಮಾಡ್ತಿದ್ದೀನಿ' ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಿಂದಿನ ದಿನದ ಭಾಷಣ ನೆನಪಾಯಿತು. ನನ್ನ ಬಾಯಿ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು.

"ಬದನೆಕಾಯಿ ಹೆಚ್ತಿದ್ದೀನಿ ಅಜ್ಜಿ!"

ಆತ್ಮಸಾಕ್ಷಿ ಆ ಹೊತ್ತಿಗೆ ಟೀ ಕುಡಿಯಲು ಹೋಗಿತ್ತೋ ಏನೋ.

ಶಾರದಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಖರೇ ಹೇಳಾಕ ಏನಾಗಿತ್ತ್ರಿ ನಿಮಗ?"

"ಗಾಬರಿ ಆಯ್ತು ಕಣೇ."

"ಈಗ ಹೋಗಿ ಹೇಳ್ರಿ ಮತ್ತ."

"ಈಗ ಹೇಳಿದ್ರೆ ಅನುಮಾನ ಬರುತ್ತೆ!"

ಹೀಗೆ ಅನುಮಾನ ಬರದಿರಲೆಂದು ನಾನು ಕೈಗೊಂಡ ಸೂಕ್ತ ಕ್ರಮಗಳು ಯಾವುವೆಂದರೆ, ಪುಕ್ಕಗಳನ್ನು ಕವರಿನಲ್ಲಿ ಕಟ್ಟಿ ತಿಪ್ಪೆಗೆ ಎಸೆದೆ. ಸಾರಿನ ಘಮ ಬೀದಿಗೆ ಹೋಗದಿರಲೆಂದು ಊದಿನಕಡ್ಡಿಯ ಇಡೀ ಕಟ್ಟಿಗೇ ಬೆಂಕಿ ಹಚ್ಚಿದೆ. ಮನೆಯಿಂದ ಹೊಗೆ ಎದ್ದಿತು. ನಾಸ್ತಿಕನ ಮನೆಯಲ್ಲಿ ಇಷ್ಟು ಊದಿನಕಡ್ಡಿಯೇ ಎಂದು ಜನ ಬಾಗಿಲಿಗೇ ಬಂದರು! ಅದೇ ಹೊತ್ತಿಗೆ ಬೀದಿ ನಾಯಿಯೊಂದು ಆ ಕವರನ್ನು ತಿಪ್ಪೆಯಿಂದ ಎಳೆದು, ಪುಕ್ಕಗಳನ್ನು ಉದ್ದಕ್ಕೂ ಉದುರಿಸುತ್ತ, ಗಂಗಜ್ಜಿಯ ಹೊಸ್ತಿಲಲ್ಲಿ ತಂದಿಟ್ಟಿತು. ಪೊಲೀಸ್ ನಾಯಿಗೂ ಅಷ್ಟು ನಿಷ್ಠೆ ಇರಲಾರದು.

ಒಳಗೆ ಮಾವ ಮುದ್ದೆಯ ಮೊದಲ ತುತ್ತು ಮುರಿದಿದ್ದರು. ಬಾಗಿಲ ತುಂಬ ಮುಖಗಳನ್ನು ಕಂಡು ಸಂತೋಷದಿಂದ, "ಏನ್ರಿ ಅಳಿಯಂದ್ರ, ಬೀಗರು ಬಂದ್ರ ನೋಡಾಕ ನಿಮ್ಮೂರಾಗ ಇಷ್ಟ್ ಮಂದಿ ಬರ್ತಾರೇನು?" ಎಂದರು.

ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ವಿಚಾರಣೆ ನಡೆಯಿತು. ಪೂಜಾರಪ್ಪನ ವಾದ ಒಂದೇ ಸಾಲಿನದು. "ಹರಕೆ ಕೋಳಿನ ದೇವ್ರು ನಂಬೋನು ಯಾವನೂ ಮುಟ್ಟಲ್ಲ. ನಮ್ ಬೀದೀಲಿ ನಂಬದೋನು ಒಬ್ನೇ."

ನಾಸ್ತಿಕ ಎಂದು ಊರು ನನ್ನನ್ನು ಗುರುತಿಸಲಿ ಎಂದು ಎಷ್ಟು ದಿನದಿಂದ ಕಾದಿದ್ದೆ! ಗುರುತಿಸಿತು.

"ನಾನು ತಿಂದಿಲ್ಲ! ಬೇಕಾದ್ರೆ ಪ್ರಮಾಣ ಮಾಡ್ತೀನಿ!" ಎಂದು ಕೂಗಿದೆ.

"ಯಾರ ಮ್ಯಾಲೆ?" ಎಂದ ಪೂಜಾರಪ್ಪ.

ಈ ಪ್ರಶ್ನೆಗೆ ಯಾವ ವಿಡಿಯೋದಲ್ಲೂ ಉತ್ತರ ಇರಲಿಲ್ಲ. ನಮ್ಮಲ್ಲಿ ಆಪಾದನೆ ಬಂದವನು ಗುಡಿ ಮುಂದೆ ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಪ್ರಮಾಣ ಮಾಡಿದರೆ ಮುಗಿಯಿತು, ಊರು ಒಪ್ಪಿಕೊಳ್ಳುತ್ತದೆ. ಆದರೆ ನಾನು ಆರಿಸಿದರೆ? "ಇವನಿಗೇನ್ ಭಯ? ಬೆಳಗಿಂದ ಸಂಜೆವರ್ಗೂ ಆರಿಸ್ತಾ ಕೂತ್ಕೊಂತಾನೆ!" ಎಂದು ಯಾರೋ ಅಂದರು. ನಾನು ಸಂವಿಧಾನದ ಮೇಲೆ ಆಣೆ ಇಡಲು ಸಿದ್ಧನಾದೆ. ಪೂಜಾರಪ್ಪ ಅದನ್ನು ತರಿಸಲು ಒಪ್ಪಲಿಲ್ಲ.

ಪಕ್ಕದಲ್ಲಿ ಮಾವ, ಮುದ್ದೆ ಅಂಟಿದ ಕೈಯನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದರು. ಮಗಳನ್ನು ಕೋಳಿ ಕಳ್ಳನಿಗೆ ಕೊಟ್ಟೆನೇ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ಶಾರದಾ ನನ್ನ ಕಡೆ ನೋಡಲೇ ಇಲ್ಲ.

ಕೊನೆಗೆ ಕರ್ಪೂರ ಹಚ್ಚಿಯೇಬಿಟ್ಟರು. ಕದ್ದಿಲ್ಲವೆಂಬ ಧೈರ್ಯದಿಂದ ಕೈ ಚಾಚಿದೆ. ಅಷ್ಟರಲ್ಲಿ ಗಂಗಜ್ಜಿ ಕರ್ಪೂರದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿತು. ಆಪರೇಷನ್ ಆದಾಗಿನಿಂದ ಹಾಕಿಕೊಂಡಿದ್ದ ಕಪ್ಪು ಕನ್ನಡಕ ತೆಗೆಯಿತು.

"ತೆಗೀರಿ ಅದನ್ನ. ಇವ್ನು ಅಮ್ಮನ್ನ ನಂಬಲ್ಲ, ಸರಿ. ನನ್ನ ನಂಬ್ತಾನಲ್ಲ? ಲೋ, ನನ್ ಮುಖ ನೋಡಿ ಹೇಳು. ಹರಕೆ ತಪ್ಪಿದ್ರೆ ಕೊಟ್ಟ ಕಣ್ಣು ಅಮ್ಮ ವಾಪಸ್ ಇಸ್ಕಂತಾಳೆ ಅಂತ ನಂಗೆ ಭಯ ಕಣೋ. ನೀನು ಉಂಡಿದ್ರೂ ಬೈಯಲ್ಲ. ಉಂಡೆ ಅಂತ ಹೇಳ್ಬಿಡು, ಇನ್ನೊಂದು ಹುಂಜ ಸಾಕ್ಕಂತೀನಿ."

ನೀರು ತುಂಬಿದ ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದ ಸೆರಗು ಅದೇ ಹೆಗಲ ಮೇಲಿತ್ತು. ಕರ್ಪೂರವಾಗಿದ್ದರೆ ಎಷ್ಟು ಸುಲಭವಿತ್ತು!

"ಅಜ್ಜಿ, ನಿನ್ ಹುಂಜ ನಾನು ಮುಟ್ಟಿಲ್ಲ. ಆದ್ರೆ... ಬದನೆಕಾಯಿ ಅಂದಿದ್ದು ಸುಳ್ಳು. ಕೋಳಿನೇ. ಮಾರ್ಕೆಟ್ಟಿಂದ ತಂದಿದ್ದು. ಹೆದ್ರಿಕಂಡು ಹಂಗಂದೆ."

"ಬದನೆಕಾಯಿಗೆ ಪುಕ್ಕ ಇರಲ್ಲ ಅಂತ ತಿಳಿಯಕ್ಕೆ ಆಪರೇಷನ್ ಬೇಕಾಗಿಲ್ಲ ಕಣೋ, ಬೇಕೂಫ!" ಎಂದಿತು ಅಜ್ಜಿ. "ಮುಟ್ಟಿಲ್ಲ ಅಂದ್ಯಲ್ಲ, ಸಾಕು. ನಂಬ್ತೀನಿ."

ಅಜ್ಜಿ ನಂಬಿತು. ಊರು ನಂಬಲಿಲ್ಲ. "ಕೋಳಿ ಅಂತ ಒಪ್ಕಂಡ! ಒಪ್ಕಂಡ!" ಎಂದು ಗದ್ದಲವೆದ್ದಿತು. ನಾನು ಸತ್ಯ ಹೇಳಿ ಸಿಕ್ಕಿಬಿದ್ದ ಇತಿಹಾಸದ ಮೊದಲ ನಿರಪರಾಧಿಯಾಗುವುದರಲ್ಲಿದ್ದೆ.

ಆಗ ಹಿಂದೂಪುರದ ಕಡೆಯಿಂದ ಹನುಮಂತಣ್ಣನ ಆಟೋ ಬಂತು. ಒಳಗಿಂದ ಒಂದು ಕೂಗು ಕೇಳಿಸಿತು.

"ಕೊಕ್ಕೊಕ್ಕೋ!"

ಹಿಂದಿನ ಸಂಜೆ ನಿಲ್ಲಿಸಿದ್ದ ಆಟೋ ಹತ್ತಿ, ಟಾರ್ಪಾಲಿನ ಅಡಿ ಗೂಡಿನ ಚೀಲಗಳ ನಡುವೆ ಮಲಗಿದ್ದ ಹುಂಜ, ಬೆಳಗ್ಗೆ ಅವನ ಜೊತೆಗೇ ಹಿಂದೂಪುರಕ್ಕೆ ಹೋಗಿತ್ತು. ಮಾರ್ಕೆಟ್ ನೋಡಿಕೊಂಡು, ಕಾಳು ತಿಂದುಕೊಂಡು, ಚಾರ್ಜಿಲ್ಲದೆ ವಾಪಸಾಗಿತ್ತು.

"ಒಂದು ಫೋನ್ ಮಾಡಬಾರ್ದಿತ್ತಾ ಅಣ್ಣ?" ನಾನು ಅಳುವುದೊಂದು ಬಾಕಿ.

"ಫೋನ್ ನಿನ್ ಅಂಗ್ಡೀಲೇ ಬಿದ್ದೈತಲ್ಲಪ್ಪಾ, ಹೋದ ವಾರದಿಂದ! ರಿಪೇರಿ ಮಾಡ್ಕೊಟ್ಯಾ?"

ಪೂಜಾರಪ್ಪ ಗುಡಿಯ ಕಡೆ ಕೈಮುಗಿದು, "ಎಲ್ಲ ಅಮ್ಮನ ಲೀಲೆ!" ಎಂದ. ಎಲ್ಲರೂ ಕೈಮುಗಿದರು. ಹನುಮಂತಣ್ಣನ ಆಟೋದಲ್ಲಿ ಹೋದರೆ ಲೀಲೆ. ಅದೇ ಹುಂಜ ನನ್ನ ಹಿತ್ತಲಿಗೆ ಬಂದಿದ್ದರೆ ಕಳ್ಳತನ!

ಮಾವ ನನ್ನ ಹೆಗಲು ತಟ್ಟಲು ಕೈ ಎತ್ತಿದರು. ಮುದ್ದೆ ನೆನಪಾಗಿ ಇಳಿಸಿದರು. "ಅಳಿಯಂದ್ರ, ದೇವ್ರ ವಿಷಯ ಆಮ್ಯಾಗ ಮಾತಾಡೂಣು. ಸಾರು ಆರಾಕತ್ತೈತಿ, ಬರ್ರಿ."

ಹೊರಟವನನ್ನು ಅಜ್ಜಿ ತಡೆಯಿತು. ಹರಕೆ ತೀರುವವರೆಗೆ ಹುಂಜ ನಮ್ಮ ಮನೆಯಲ್ಲೇ ಇರಬೇಕೆಂದು ತೀರ್ಪು ಕೊಟ್ಟಿತು.

"ನಾನೇ ಯಾಕಜ್ಜಿ? ನನ್ನ ಮೇಲೆ ಅಷ್ಟೊಂದು ನಂಬ್ಕೇನಾ?" ಅಜ್ಜಿಯ ಕೈ ಹಿಡಿದುಕೊಂಡೆ.

"ನಿನ್ ಮನೇಲಿದ್ರೆ ಇಡೀ ಊರೇ ಅದ್ರ ಮ್ಯಾಲೆ ಕಣ್ಣಿಟ್ಟಿರುತ್ತೆ ಕಣೋ. ಎಲ್ಲೂ ಹೋಗಲ್ಲ."

ಈಗ ಹುಂಜ ನಮ್ಮ ಜಗಲಿಯಲ್ಲಿ, ಬೋರಲು ಹಾಕಿದ ಬಿದಿರಿನ ಮಂಕರಿಯ ಕೆಳಗಿದೆ. ಅದು ಕಾಣೆಯಾದರೆ ಈ ಸಲ ನನ್ನನ್ನು ಕಾಪಾಡಲು ಯಾವ ಆಟೋವೂ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ಆ ಕಣ್ಣಿನ ಮುಂದೆ ಇನ್ನೊಮ್ಮೆ ನಿಲ್ಲುವ ಶಕ್ತಿ ನನಗಿಲ್ಲ. ಮೊನ್ನೆ ಅಂಗಡಿಗೆ ಹೊರಟವನು, ಮಂಕರಿ ಎತ್ತಿ ಹುಂಜವನ್ನು ನೋಡಿ, ಮತ್ತೆ ಮುಚ್ಚಿ, ಅದರ ಮೇಲೆ ಕಲ್ಲು ಹೇರುವಾಗ ಬಾಯಿಂದ ತಾನಾಗಿ ಹೊರಟಿತು.

"ದೇವ್ರೇ, ಸಂಜೆವರ್ಗೂ ಇಲ್ಲೇ ಇರಪ್ಪಾ!"

ಒಳಗಿಂದ ಶಾರದಾ ಓಡಿ ಬಂದಳು. "ಏನಂದ್ರಿ? ಯಾರಿಗ್ ಅಂದ್ರಿ?"

"ಯಾರಿಗೂ ಇಲ್ಲ. ಕೋಳಿಗೆ ಅಂದೆ."

ಅವಳು ಅಲ್ಲೇ ನಿಂತು ತವರಿಗೆ ಫೋನ್ ಹಚ್ಚಿದಳು. "ಅಪ್ಪಾ, ನಿಮ್ಮ ಅಳಿಯ ಮತ್ತ ದೇವ್ರನ್ನ ನಂಬಾಕ ಹತ್ಯಾರ. ಹೂಂ, ಖರೇನ. ಆದ್ರ ದೇವ್ರು ಮಂಕ್ರಿಯಾಗ ಐತಿ!"