ಕಾಂತಾಬೆನ್ ಅವರ ಬಳ್ಳಿಗೆ ನಾನು ಕೊಟ್ಟ ನೆರಳು

ದ್ರಾಕ್ಷಿ ಬಳ್ಳಿಯನ್ನು ಬಿಸಿಲಿನಿಂದ ಕಾಪಾಡುವುದೇನೂ ದೊಡ್ಡ ಕೆಲಸವಲ್ಲ. ಅರವತ್ತರ ದಶಕದ ಒಂದು ಏಪ್ರಿಲ್‌ನಲ್ಲಿ, ಬರೋಡದ ಅಲ್ಕಾಪುರಿಯಲ್ಲಿ, ಈ ಮಾತನ್ನು ನಮ್ಮ ಬಾಡಿಗೆ ಮನೆಯ ಒಡತಿ ಕಾಂತಾಬೆನ್ ಅವರಿಗೆ ನಾನೇ ಹೇಳಿದೆ. ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಾನು ವಿಮಾ ಕಚೇರಿಯವನು. ಯಾರದಾದರೂ ಸರಕು ಸುಟ್ಟರೆ, ನೆನೆದರೆ, ಹೋಗಿ ಕಾರಣ ಪತ್ತೆ ಹಚ್ಚಿ ವರದಿ ಬರೆಯುವುದು ನನ್ನ ಉದ್ಯೋಗ. ಊರು ದೊಡ್ಡಬಳ್ಳಾಪುರ. ಅಲ್ಲಿ ದ್ರಾಕ್ಷಿ ತೋಟಗಳಿದ್ದದ್ದು ನಿಜ. ಅವುಗಳ ಜೊತೆ ನನ್ನ ಸಂಬಂಧ ತಿನ್ನುವುದಕ್ಕಷ್ಟೇ ಸೀಮಿತವಾಗಿತ್ತು ಎಂಬುದು ಕಾಂತಾಬೆನ್ ಅವರಿಗೆ ಗೊತ್ತಿರಲಿಲ್ಲ.

ಅವರು ಮಗಳ ಬಾಣಂತನಕ್ಕೆಂದು ಒಂದು ತಿಂಗಳು ಸೂರತ್ತಿಗೆ ಹೊರಟಿದ್ದರು. ಅಂಗಳದ ಬಳ್ಳಿಯನ್ನು ನೆಟ್ಟವರು ಅವರ ಯಜಮಾನರು. ಅದು ಹಣ್ಣು ಬಿಡುವ ಮೊದಲೇ ಅವರು ತೀರಿಕೊಂಡಿದ್ದರು. ಈ ವರ್ಷವೇ ಮೊದಲ ಫಸಲು, ನಾಲ್ಕೇ ಗೊಂಚಲು.

"ಮೊದಲ ಗೊಂಚಲು ಅವರ ಫೋಟೋ ಮುಂದೆ ಇಡಬೇಕು ಭಾಯಿ. ಬಿಸಿಲು ಜಾಸ್ತಿ. ನೋಡ್ಕೊಳ್ತೀರಲ್ಲ?" ಎಂದು ಅರ್ಧ ಹಿಂದಿ, ಅರ್ಧ ಗುಜರಾತಿಯಲ್ಲಿ ಕೇಳಿದರು.

"ಅದು ನನ್ನ ಜವಾಬ್ದಾರಿ ಬೆನ್," ಎಂದೆ. ಹಿಂದೆ ನಿಂತಿದ್ದ ನನ್ನ ಹೆಂಡತಿ ರುಕ್ಮಿಣಿ ಕೆಮ್ಮಿದಳು. ಅವಳಿಗೆ ಕೆಮ್ಮಿನ ಕಾಯಿಲೆ ಇಲ್ಲ.

ಮೊದಲ ಎರಡು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಬಿಸಿಗಾಳಿ ಶುರುವಾಯಿತು. ಎಲೆಗಳು ಮಧ್ಯಾಹ್ನಕ್ಕೆ ಜೋತುಬಿದ್ದವು. ಸೈಕಲ್ ಹತ್ತಿ ಗೋರ್ವಾದ ಒಬ್ಬ ವ್ಯಾಪಾರಿಯ ಬಳಿ ಹೋಗಿ ಹನ್ನೆರಡು ಹಳೆಯ ಗೋಣಿಚೀಲ ತಂದೆ. ಯಾತಕ್ಕೆ ಎಂದು ಕೇಳಿದ. ನೆರಳಿಗೆ ಎಂದೆ. ತಲೆಯಾಡಿಸಿ ಕೊಟ್ಟ. ಚೀಲಗಳಿಗೆ ಬಿಳಿ ಪುಡಿ ಮೆತ್ತಿತ್ತು. ಗೋಧಿ ಹಿಟ್ಟಿರಬೇಕು ಎಂದುಕೊಂಡೆ. ಕಾರಣ ಪತ್ತೆ ಹಚ್ಚುವ ಅಧಿಕಾರಿ ಕಾರಣವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಮೈಲಿ ತುಳಿದು ಬಂದ!

ಚೀಲಗಳನ್ನು ಬಳ್ಳಿ ಹಬ್ಬಿದ್ದ ಬೊಂಬಿನ ಚಪ್ಪರದ ಮೇಲೆ ಹಾಸಿ ಸುತ್ತಲೂ ಇಳಿಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಚೇರಿಯ ಕಿಟಕಿಗೆ ಕಟ್ಟಿದ ಲಾವಂಚದ ತಡಿಕೆಗೆ ನೀರು ಹಾಕುವುದನ್ನು ನೋಡಿದ್ದೆನಲ್ಲ! ಬಳ್ಳಿಗೂ ಅದೇ ಸೌಕರ್ಯ ಒದಗಿಸಲು ತೀರ್ಮಾನಿಸಿದೆ. ದಿನಕ್ಕೆ ಎರಡು ಸಲ ಚೀಲಗಳ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದೆ. ನೀರು ತೊಟ್ಟಿಕ್ಕಿ ಎಲೆ, ಗೊಂಚಲು, ಬುಡ ಎಲ್ಲವನ್ನೂ ತಣ್ಣಗೆ ತೋಯಿಸಿತು.

ನಾಲ್ಕನೆಯ ದಿನ ಎಲೆಗಳ ಅಂಚು ಸುಟ್ಟಂತೆ ಕಂದಿತ್ತು. ನಾನು ಬೆಚ್ಚಿಬಿದ್ದೆ. ಇಷ್ಟು ನೆರಳಲ್ಲೂ ಸುಡುವುದೆಂದರೆ ಎಂಥ ಬಿಸಿಲಿರಬೇಕು! ದಿನಕ್ಕೆ ಐದು ಸಲ ನೀರು ಹಾಕಿದೆ.

"ರೀ, ನಲ್ಲಿ ಬರೋದು ಬೆಳಿಗ್ಗೆ ಒಂದು ಗಂಟೆ. ಸ್ನಾನದ ನೀರೂ ಅದಕ್ಕೇ ಸುರಿದ್ರೆ ನಾವೇನು ಮಾಡೋದು?" ಎಂದಳು ರುಕ್ಮಿಣಿ.

"ಮಾತು ಕೊಟ್ಟಿದ್ದೀನಿ ಕಣೇ," ಎಂದು ಅವಳ ಹಂಡೆಯನ್ನೂ ಖಾಲಿ ಮಾಡಿದೆ. ವಾರ ಕಳೆಯುವುದರಲ್ಲಿ ಎಲೆಗಳು ಸುಟ್ಟ ಹಪ್ಪಳದಂತಾದವು. ಮೂರು ಗೊಂಚಲು ಉದುರಿದವು. ನನಗೆ ಊಟ ಸೇರಲಿಲ್ಲ. ಆ ಹೆಂಗಸಿಗೆ ಏನೆಂದು ಮುಖ ತೋರಿಸಲಿ? ಮನಸ್ಸಿನಲ್ಲೇ ವರದಿ ಸಿದ್ಧವಾಯಿತು: ನಷ್ಟಕ್ಕೆ ಕಾರಣ, ನೈಸರ್ಗಿಕ ವಿಕೋಪ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದವನು ಅಲ್ಲೇ ಕಲ್ಲಾದೆ. ಅಂಗಳದಲ್ಲಿ ಐದು ಹಸು, ಒಂದು ಎಮ್ಮೆ! ಆರೂ ಸಾಲಾಗಿ ನಿಂತು, ಬಳ್ಳಿಯ ಕಡೆ ಕಣ್ಣೆತ್ತಿಯೂ ನೋಡದೆ, ಗೋಣಿಚೀಲ ನೆಕ್ಕುತ್ತಿದ್ದವು.

"ನೋಡೇ, ಪಾಪ, ತಂಪಿಗೆ ಬಂದಿವೆ," ಎಂದೆ.

ರುಕ್ಮಿಣಿ ಹಸು ಕಟ್ಟಿದ ಮನೆಯಲ್ಲಿ ಬೆಳೆದವಳು. ಚೀಲಕ್ಕೆ ಬೆರಳು ಒತ್ತಿ ನಾಲಿಗೆಗೆ ಹಚ್ಚಿಕೊಂಡಳು.

"ಉಪ್ಪು," ಎಂದಳು. "ಉಪ್ಪಿನ ಚೀಲ ಕಣ್ರೀ ಇವು. ಸಾರಿಗೆ ನಾನು ಇಷ್ಟು ಹಾಕಿದ್ರೆ ತಟ್ಟೆ ತಳ್ಳಿ ಎದ್ದುಹೋಗ್ತಿದ್ರಿ. ಆ ಬಡಪಾಯಿ ಬಳ್ಳಿ ಎಲ್ಲಿಗೆ ಎದ್ದುಹೋಗುತ್ತೆ?"

ಹತ್ತು ದಿನ, ನನ್ನ ಕೈಯಾರೆ, ದಿನಕ್ಕೆ ಎರಡು ಸಲ, ಆಮೇಲೆ ಐದು ಸಲ! ಚೀಲ ಎಳೆಯಲು ಓಡಿದೆ. ಎಮ್ಮೆ ಬಿಡಲಿಲ್ಲ. ನಾನೊಂದು ಕಡೆ, ಅದೊಂದು ಕಡೆ ಎಳೆದಾಡಿದೆವು. ಚೀಲ ಎಮ್ಮೆಗೆ ದಕ್ಕಿತು, ಚಪ್ಪರ ನನ್ನ ಮೇಲೆ ಬಿತ್ತು.

ಅದೇ ಹೊತ್ತಿಗೆ ಗೇಟಿನ ಬಳಿ ಟಾಂಗಾ ನಿಂತಿತು. ಮಗಳ ಹೆರಿಗೆ, ಬಾಣಂತನ ಸುಸೂತ್ರವಾಗಿ ಮುಗಿದು ಕಾಂತಾಬೆನ್ ಎರಡು ದಿನ ಮೊದಲೇ ಬಂದಿದ್ದರು. ಬೊಂಬುಗಳ ಕೆಳಗಿನಿಂದ ಮಲಗಿದಂತೆಯೇ ಕೈಮುಗಿದೆ.

ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ರುಕ್ಮಿಣಿ ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿದರು. ಉಳಿದಿದ್ದ ಒಂದು ಸುಕ್ಕು ಗೊಂಚಲನ್ನು ಕಿತ್ತು ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿದರು. ಉಳಿದದ್ದನ್ನು ತೊಳೆಯದೆಯೇ ಒಳಗೆ ಒಯ್ದು ಯಜಮಾನರ ಫೋಟೋ ಮುಂದೆ ಇಟ್ಟರು.

"ಕೊನೇ ಎರಡು ವರ್ಷ ಡಾಕ್ಟರು ಇವರಿಗೆ ಉಪ್ಪು ಬಿಡಿಸಿದ್ರು ಭಾಯಿ. ದಿನಾ ನನ್ನ ಹತ್ರ ಜಗಳ. ಇವತ್ತಾದರೂ ತಿನ್ನಲಿ," ಎಂದರು. ಅವರು ನಕ್ಕರೋ ಅತ್ತರೋ ತಿಳಿಯಲಿಲ್ಲ. ನಾನಂತೂ ತಲೆ ಎತ್ತಲಿಲ್ಲ.

ಆಮೇಲೆ ಅವರೇ ಬುಡಕ್ಕೆ ವಾರಗಟ್ಟಲೆ ಸಿಹಿನೀರು ಹರಿಸಿ ಮಣ್ಣಿನ ಉಪ್ಪು ತೊಳೆದರು. ಮಳೆಗಾಲದಲ್ಲಿ ಬಳ್ಳಿ ಚಿಗುರಿತು.

ಮರುವರ್ಷ ಮೊಮ್ಮಗನನ್ನು ನೋಡಲು ಸೂರತ್ತಿಗೆ ಹೊರಟಾಗ ಬಳ್ಳಿಯನ್ನು ರುಕ್ಮಿಣಿಗೆ ಒಪ್ಪಿಸಿದರು. ನಾನು ಉತ್ಸಾಹದಿಂದ, "ತುಳಸಿ ಗಿಡ ನಾನು ನೋಡ್ಕೊಳ್ತೀನಿ ಬೆನ್," ಎಂದೆ. ಕಾಂತಾಬೆನ್ ತುಳಸಿ ಕುಂಡವನ್ನು ಎತ್ತಿ, ತೊಡೆಯ ಮೇಲಿಟ್ಟುಕೊಂಡು, ಟಾಂಗಾದಲ್ಲಿ ಸ್ಟೇಷನ್ನಿಗೆ ಹೊರಟರು.