ಹಾಡಿಗೊಂದು ಚಕ್ಕುಬಂದಿ

ನಮ್ಮ ಬೀಗರು ತಲೆಕೆಟ್ಟು ಸಿನಿಮಾದವರನ್ನು ಓಡಿಸಿದರು, ಅದಕ್ಕೇ ನಮ್ಮ ಹಾಡು ಸಿನಿಮಾದಲ್ಲಿ ಬರಲಿಲ್ಲ ಎಂದು ನಮ್ಮ ನೆಂಟರೆಲ್ಲ ಇವತ್ತಿಗೂ ಹೇಳುತ್ತಾರೆ. ಸುಳ್ಳು. ಸಹಿ ಹಾಕದೆ ಪೆನ್ನು ಕೆಳಗಿಟ್ಟವಳು ನಾನು. ಹಾಗಾದರೆ ಬೀಗರ ತಲೆ ಕೆಟ್ಟಿರಲಿಲ್ಲವೇ ಎಂದು ಕೇಳಿದರೆ, ಕೆಟ್ಟಿತ್ತು. ಅದು ಬೇರೆ ವಿಷಯ!

ಬೀಗರು ಎಂದರೆ ನನ್ನ ತಂಗಿಯ ಗಂಡನ ಅಣ್ಣ. ಹೊಳೆನರಸೀಪುರದ ರಿಜಿಸ್ಟ್ರಾರ್ ಕಚೇರಿ ಮುಂದೆ ಮರದ ಕೆಳಗೆ ಒಂದು ಪೆಟ್ಟಿಗೆ ಇಟ್ಟುಕೊಂಡು ಹೊಲಗದ್ದೆಗಳ ಪತ್ರ ಬರೆಯುವುದು ಅವರ ಕಸುಬು. ಬರೆದು ಬರೆದು ಬಾಯಲ್ಲೂ ಪತ್ರವೇ ಬರುತ್ತಿತ್ತು. ನನ್ನ ತಂಗಿ ಕಾಫಿ ಕೊಟ್ಟರೆ "ಸದರಿ ಕಾಫಿಗೆ ಬೆಲ್ಲ ಬಿದ್ದಿರುವುದಿಲ್ಲ" ಎನ್ನುವರು. ಪಕ್ಕದ ಮನೆಯವಳು ಒನಕೆ ಕೇಳಲು ಬಂದರೆ ಯಾವ ಕಾಳು ಕುಟ್ಟುವುದು, ಯಾವಾಗ ತಂದುಕೊಡುವುದು, ಮುರಿದರೆ ಯಾರು ಹೊಣೆ ಎಂದು ಚೀಟಿ ಬರೆಸುವರು. ಇನ್ನು ಅವರ ಕೊಡೆ! ಬಿದಿರಿನ ಹಿಡಿ, ಒಂದು ಮಗ್ಗುಲಿಗೆ ದೊಡ್ಡ ಖಾಕಿ ತೇಪೆ. ಚೀಟಿ ಬರೆದುಕೊಟ್ಟರೂ ಅದನ್ನು ಯಾರಿಗೂ ಕೊಟ್ಟವರಲ್ಲ. ಮದುವೆ ಮಾತುಕತೆಗೆ ಬಂದಾಗ ನಮ್ಮ ನಡುಮನೆಯಲ್ಲೂ ಅದನ್ನು ಬಿಚ್ಚಿಕೊಂಡೇ ಕೂತಿದ್ದರು.

"ಒಳಗೆ ಯಾಕೆ ಬೀಗ್ರೇ ಕೊಡೆ?" ಎಂದು ನಮ್ಮಪ್ಪ ಕೇಳಿದ್ದಕ್ಕೆ, "ಎಂಚು ನೀವು ಹೊದಿಸಿರಾದು. ಎಲ್ಲೆಲ್ಲಿ ಒಡ್ದದೆ ಅಂತ ನಂಗೇನ್ ಗೊತ್ತು?" ಅಂದರು.

ಇಂಥವರು ಬೀಗರಾಗಿ ಸಿಕ್ಕರೆ ಹೆಂಗಸರು ಸುಮ್ಮನಿರುತ್ತಾರೆಯೇ? ನಮ್ಮ ಕಡೆ ಬೀಗರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು ಅವರನ್ನು ಹಂಗಿಸಿ ಹಾಡಬೇಕು. ಹಾಡದಿದ್ದರೆ ಮರ್ಯಾದೆ ಮಾಡಲಿಲ್ಲ ಎಂದು ಮುನಿಸಿಕೊಳ್ಳುವವರೂ ಅವರೇ! ಮದುವೆಯ ಹಿಂದಿನ ದಿನ, ಚನ್ನರಾಯಪಟ್ಟಣದ ನಮ್ಮ ತವರುಮನೆಯಲ್ಲಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಾ ಹಾಡು ಕಟ್ಟಿದೆವು.

ಕೊಡೆ ಬಂತು, ಬೀಗರು ಎಲ್ಲಿ?
ಮೂಗು ಬಂತು, ಬೀಗರು ಎಲ್ಲಿ?
ನಶ್ಯದ ಡಬ್ಬಿ ಸೀನುತ ಬಂತು, ಬೀಗರು ಎಲ್ಲಿ?
ಒಬ್ಬಟ್ಟಿನ ಮೊರವ ಎತ್ತಿರವ್ವಾ, ಅಡಿಯಲಿ ಅವ್ರೆ!

ಕೊಡೆ ನನ್ನದು. ಮೂಗು ನಮ್ಮ ಚಿಕ್ಕಪ್ಪನ ಮಗಳು ಜಯಮ್ಮನದು. ಅವಳನ್ನು ಹಳೇಕೋಟೆಗೆ ಕೊಟ್ಟಿತ್ತು. ನಶ್ಯ ಪಕ್ಕದ ಮನೆಯ ಪದ್ಮಕ್ಕನದು. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಒಂದು ಕಣ್ಣು ಸೂರ್ಯನ ಮೇಲಿಟ್ಟು ಸಾಲು ಕಟ್ಟಿ ಎದ್ದು ಓಡಿದಳು. ಅದಕ್ಕೇ ಆ ಸಾಲಿಗೆ ಅಷ್ಟು ಅವಸರ! ನಾಲ್ಕನೆಯದು ಯಾರದು ಎಂಬುದನ್ನು ಮಾತ್ರ ನಾವು ಮೂವರೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಊಟದಲ್ಲಿ ಹಾಡಿದಾಗ ಗಂಡಿನ ಕಡೆಯವರೇ ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡರು. ಬೀಗರು? ಎಡಗೈಯಲ್ಲಿ ಜೇಬಿನಿಂದ ಪುಸ್ತಕ ತೆಗೆದು, "ಇನ್ನೊಂದ್ ಸತಿ ಯೋಳಿ, ನಿಧಾನಕ್ಕೆ" ಎಂದು ಬರೆದುಕೊಂಡರು! ಬರೆದು, ಓದಿಕೊಂಡು, "ನಾಕನೇ ಸಾಲು ಬಲೇ ಚೆನ್ನಾಗದೆ. ಯಾರ್ದು?" ಎಂದರು. ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಬಿತ್ತು, ಅಷ್ಟೆ.

ಆರು ವರ್ಷವಾಯಿತು. ಹಾಡು ಮದುವೆಯಿಂದ ಮದುವೆಗೆ ಹೋಯಿತು. ಹಾಸನದ ಒಂದು ಛತ್ರದಲ್ಲಿ ನಾನು ಹಾಡುತ್ತಿದ್ದಾಗ, ಮದ್ರಾಸಿನಿಂದ ಬಂದ ಸಿನಿಮಾ ಕಂಪನಿಯ ಮನುಷ್ಯನೊಬ್ಬ ಕೇಳಿದ. ಮಾರನೆಯ ದಿನ ಅದೇ ಊರಿನ ನನ್ನ ಗಂಡನ ಮನೆಗೇ ಬಂದ. ಅವರ ಸಿನಿಮಾದಲ್ಲಿ ಒಂದು ಮದುವೆ ಇದೆಯಂತೆ, ಅಲ್ಲಿಗೆ ಈ ಹಾಡು ಬೇಕಂತೆ. ಹಿಂದೆ ಯಾವುದೋ ಹಾಡಿಗೆ ಯಾರೋ ತಕರಾರು ತೆಗೆದಿದ್ದರಂತೆ, ಹಾಗಾಗಿ ಸಹಿ ಇಲ್ಲದೆ ಕಂಪನಿ ಹಾಡು ಮುಟ್ಟುವುದಿಲ್ಲವಂತೆ. ಒಂದು ಕಾಗದ ಕೊಟ್ಟು, ಬರುವ ಶುಕ್ರವಾರ ಬರುತ್ತೇನೆ ಎಂದು ಹೋದ.

ನನಗೆ ಆಸೆಯಾಯಿತು. ಯಾಕೆ ಸುಳ್ಳು ಹೇಳಲಿ? ಟಾಕೀಸಿನಲ್ಲಿ ನನ್ನ ಕೊಡೆ ಕೇಳಿಸುತ್ತದೆ ಎಂದರೆ ಯಾರಿಗೆ ಬೇಡ? ಆದರೆ ಮೂರನೇ ಕ್ಲಾಸು ಓದಿದವಳಿಗೆ ಕಾಗದ ಎಂದರೆ ಭಯ. ಕಾಗದ ಬಲ್ಲವರಲ್ಲವೇ ಎಂದು ಬೀಗರಿಗೆ ಹೇಳಿಕಳಿಸಿದೆ. ಮನೆ ಬಾಗಿಲಿಗೆ ರಿಜಿಸ್ಟ್ರಾರ್ ಕಚೇರಿಯನ್ನೇ ಕರೆದುಕೊಂಡಂತಾಯಿತು!

ಕಾಗದ ಓದಿದವರೇ ಬೀಗರು ಹೌಹಾರಿದರು. "ಬೀಗಿತ್ತಿ, ಇದು ಕ್ರಯಪತ್ರ ಕಣ್ರೀ! 'ಈ ಹಾಡು ನಾನೊಬ್ಬಳೇ ಕಟ್ಟಿದ್ದು, ಶಾಶ್ವತವಾಗಿ ಕೊಟ್ಟಿದ್ದೇನೆ' ಅಂತ ಬರ್ದವ್ರೆ. ಇದುಕ್ ಸಹಿ ಆಕುದ್ರೆ ನಿಮ್ ಮಗಳ ಮದುವೇಲಿ ಆಡಕ್ಕೆ ನೀವೇ ಅವರಪ್ಪಣೆ ಕೇಳ್ಬೇಕು."

"ಅಯ್ಯೋ, ಹಾಡಕ್ಕೂ ಅಪ್ಪಣೆಯಾ?"

"ಗದ್ದೆ ಮಾರ್ಬುಟ್ಟು ನಾಟಿ ಮಾಡಕ್ಕೋದ್ರೆ ಬುಟ್ಟಾರಾ? ಆಡ್ನ ಮಾರ್ಬಾರ್ದು. ಗುತ್ತಿಗೆಗೆ ಕೊಡ್ಬೇಕು. ಒಂದು ಸಿನಿಮಾಕ್ಕೆ, ಒಂದು ಸತಿಗೆ. ಬೆಳೆ ಅವರ್ದು, ಭೂಮಿ ನಿಮ್ದು. ನಿಮ್ಮೆಲ್ಲರ ಎಸರೂ ಪರದೆ ಮೇಲೆ ಬರ್ಬೇಕು."

ಅವರೇ ಛಾಪಾ ಕಾಗದ ತಂದು ಗುತ್ತಿಗೆ ಪತ್ರ ಬರೆದರು. ಜಮೀನಿನ ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿ ಬರೆಯುತ್ತಾರಲ್ಲ, ಚಕ್ಕುಬಂದಿ, ಅದು ಹಾಡಿಗೂ ಬೇಕಂತೆ! "ಸದರಿ ಹಾಡಿಗೆ ಪೂರ್ವಕ್ಕೆ ಎಲೆ ಹಾಕುವುದು, ಪಶ್ಚಿಮಕ್ಕೆ ಅಡಿಕೆಲೆ, ಉತ್ತರಕ್ಕೆ ಗಂಡಿನ ಕಡೆಯವರ ಸಿಟ್ಟು, ದಕ್ಷಿಣಕ್ಕೆ ಹೆಣ್ಣಿನ ಕಡೆಯವರ ನಗು. ಈ ಮಧ್ಯೆ ಇರುವ ನಾಲ್ಕು ಸಾಲು." ಕೆಳಗೆ ತಮ್ಮದೂ ಒಂದು ಸಹಿ: "ಸದರಿ ಹಾಡಿನಲ್ಲಿ ಬಂದಿರುವ ಮೂಗಿನ ಮಾಲೀಕ."

ಕಾಗದ ಕಂಕುಳಲ್ಲಿ, ಕೊಡೆ ತಲೆಯ ಮೇಲೆ, ಬಸ್ಸು ಹತ್ತಿ ಹೊರಟರು. ಹಳೇಕೋಟೆಯಲ್ಲಿ ಅವರನ್ನು ಕಂಡ ಜಯಮ್ಮ ಆರು ವರ್ಷದ ಮೇಲೆ ಜಗಳಕ್ಕೆ ಬಂದರು ಎಂದು ಹೆದರಿ ಕೊಟ್ಟಿಗೆ ಸೇರಿಕೊಂಡಳಂತೆ. ಇವರು ಎಮ್ಮೆಯ ಆಚೆ ನಿಂತು, "ಎದ್ರುಕೋಬೇಡ ಕಣವ್ವ! ಮೂಗು ನಂದು, ಮಾತು ನಿಂದು. ಒಪ್ಪಿಗೆ ಐತಾ?" ಎಂದು ಕೂಗಿ, ಅಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡರು. ಚನ್ನರಾಯಪಟ್ಟಣದ ಪದ್ಮಕ್ಕ ಅಚ್ಚುಕಟ್ಟಾಗಿ ಸಹಿ ಹಾಕಿ, ಸೀನು ಬಂದರೆ ಹೊರಗೆ ಹೋಗಿ ಸೀನಿರಿ ಎಂದಳಂತೆ. ಇಬ್ಬರನ್ನೂ ಕೇಳಿದರು, ನಾಲ್ಕನೇ ಸಾಲು ಯಾರದು? ಇಬ್ಬರೂ ಒಂದೇ ಮಾತು: "ಅದು ಹಂಗೇ ಬಂತು."

ಶುಕ್ರವಾರ ನಮ್ಮ ಮನೆಗೆ ಬಂದು ಪೆಟ್ಟಿಗೆ ಇಟ್ಟವರೇ, "ಅಂಗೇ ಬರಕ್ಕೆ ಅದೇನು ನೆಗಡಿಯಾ?" ಎಂದು ನನ್ನನ್ನು ಕೇಳಿದರು. ನಾನು ಒಲೆ ಊದುತ್ತಾ ಕೂತೆ.

ಈಗ ಹೇಳುತ್ತೇನೆ. ಆ ಸಾಲು ನಮ್ಮಪ್ಪನ ತಂಗಿ ಕೆಂಪತ್ತೆಯದು. ಅರಕಲಗೂಡಿನ ಹತ್ತಿರ ಮಲ್ಲಿಪಟ್ಟಣದವಳು. ಹದಿನೆಂಟಕ್ಕೇ ಗಂಡ ಸತ್ತಿದ್ದ. ಶುಭಕಾರ್ಯದಲ್ಲಿ ಒರಳು ತಿರುಗಿಸಬಹುದು, ಚಪ್ಪರಕ್ಕೆ ಬರುವ ಹಾಗಿಲ್ಲ, ಹಾಡುವಂತೆಯೇ ಇಲ್ಲ. ನಾವು ಮೂವರೂ ನಾಲ್ಕನೇ ಸಾಲಿಗೆ ತಿಣುಕುತ್ತಿದ್ದಾಗ ತಲೆ ಎತ್ತದೆ ಒರಳ ಮುಂದಿನಿಂದ ಹೇಳಿಬಿಟ್ಟಳು. ನಾವು ನಗುತ್ತಿದ್ದರೆ ತಾನು ಮಾತ್ರ ಹೂರಣ ಬಳಿಯುತ್ತಿದ್ದಳು.

ಗಂಡ ಸತ್ತವಳ ಮಾತನ್ನು ಮದುವೆಯಲ್ಲಿ ಹಾಡಿದೆವು ಎಂದು ಗೊತ್ತಾದರೆ? ನನ್ನ ತಂಗಿಗೆ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವಳ ಅತ್ತೆ, ಎಂದರೆ ಇದೇ ಬೀಗರ ತಾಯಿ, ಏನು ಅಪಶಕುನವಾಯಿತೋ ಎಂದು ದೇವರಿಂದ ದೇವರಿಗೆ ಅಲೆಯುತ್ತಿದ್ದಳು. ಮಗನಿಗೆ ಇನ್ನೊಂದು ಹೆಣ್ಣು ತರುವ ಮಾತೂ ಎದ್ದಿತ್ತು. ಅವಳ ಕೈಗೆ ಕಾರಣವನ್ನು ನಾನೇ ಕೊಡಲೇ? (ತಂಗಿ ಆಮೇಲೆ ಮೂರು ಹೆತ್ತಳು. ಅದಕ್ಕೂ ಹಾಡಿಗೂ ಸಂಬಂಧವಿಲ್ಲ.)

ಅಷ್ಟರಲ್ಲಿ ಕಂಪನಿಯವನು ಬಂದ. ಬೀಗರು ಎದ್ದು ನಿಂತು ಇಡೀ ಪತ್ರವನ್ನು ಚಕ್ಕುಬಂದಿ ಸಮೇತ ಓದಿದರು. ಅವನು ನಕ್ಕ. "ಆಗಲಿ ಸ್ವಾಮಿ, ಒಂದೇ ಸಿನಿಮಾಕ್ಕೆ ಎಂದೇ ಇರಲಿ. ಆದರೆ ನಾಲ್ಕು ಹೆಸರಿನ ತಲೆನೋವು ಬೇಡ. ಅಮ್ಮ ಒಬ್ಬರೇ ಕಟ್ಟಿದ್ದು ಎಂದು ಸಹಿ ಹಾಕಲಿ. ನನ್ನ ಬಸ್ಸಿಗೆ ಹೊತ್ತಾಯಿತು" ಎಂದು ಪೆನ್ನು ಕೊಟ್ಟ.

ಪೆನ್ನು ಹಿಡಿದೆ. ಬೀಗರು ತಡೆಯುತ್ತಾರೆ ಎಂದುಕೊಂಡಿದ್ದೆ. ತಡೆಯಲಿಲ್ಲ! "ಆಕಿ ಬೀಗಿತ್ತಿ" ಎಂದರು. "ನಾಕನೇ ಸಾಲೂ ನಂದೇ ಅಂತ ಒಂದ್ ಮಾತು ಯೋಳ್ಬುಟ್ಟು ಆಕಿ. ನಾನೇ ಸಾಕ್ಷಿ ಆಕ್ತೀನಿ."

ಹೇಳುವುದು ಏನು ಕಷ್ಟ? ಬಾಯಿ ತೆರೆದೆ. ಹೂರಣ ಮೆತ್ತಿದ ಆ ಕೈ ಕಣ್ಣಿಗೆ ಕಟ್ಟಿತು. "ನಂದಲ್ಲ. ಮಲ್ಲಿಪಟ್ಟಣದ ನಮ್ಮ ಕೆಂಪತ್ತೇದು. ಒಳಗೆ ಒರಳ ಮುಂದೆ ಕೂತಿದ್ಲು" ಎಂದುಬಿಟ್ಟೆ. ಪೆನ್ನು ಕೆಳಗಿಟ್ಟೆ.

"ಅವರು ಇಲ್ಲಿ ಇಲ್ಲವಲ್ಲಮ್ಮ, ಯಾರು ಕೇಳುತ್ತಾರೆ?" ಎಂದ ಕಂಪನಿಯವನು.

"ನಾಳೆವರೆಗೆ ಕಾಯಿ. ಅವಳ ಹೆಬ್ಬೆಟ್ಟು ತರ್ತೀನಿ" ಎಂದೆ.

ಅವನು ಕಾಯಲಿಲ್ಲ. ಹೋದ. ನಡೆದದ್ದು ಇಷ್ಟೇ.

ಬೀಗರು ಈಗ ಎದ್ದು ಹೋಗಿ ತಾಯಿಗೆ ಹೇಳುತ್ತಾರೆ, ನನ್ನ ತಂಗಿಯ ಸಂಸಾರ ಮುಗಿಯಿತು ಎಂದುಕೊಂಡೆ. ಅವರು ನಶ್ಯ ಏರಿಸಿ, ಎರಡು ಸಲ ಸೀನಿ, ಪತ್ರದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೆಂಪತ್ತೆಯ ಹೆಸರು ಬರೆದರು. "ನಮ್ಮವ್ವಂಗೆ ಓದಕ್ ಬರಾಕಿಲ್ಲ" ಎಂದರು. ಪೆನ್ನಿನ ಮುಚ್ಚಳ ಹಾಕುತ್ತಾ, "ನನ್ನ ಜನ್ಮದಲ್ಲಿ ಅಷ್ಟು ಚೆಂದಾಗಿ ಯಾರೂ ಬಯ್ದಿರ್ನಿಲ್ಲ, ಬೀಗಿತ್ತಿ. ಆರು ವರ್ಸದಿಂದ ಉಡುಕ್ತಾ ಇವ್ನಿ" ಎಂದರು.

"ಸಿನಿಮಾನೇ ಹೋಯ್ತು. ಇನ್ನು ಹೆಬ್ಬೆಟ್ಟು ಯಾಕೆ?"

"ಸಿನಿಮಾ ಓದ್ರೆ ಓಯ್ತು. ಸಾಲು ಅವ್ರದಲ್ವಾ?"

ಪತ್ರವನ್ನೂ ಹೆಬ್ಬೆಟ್ಟು ಒತ್ತುವ ಶಾಯಿಡಬ್ಬಿಯನ್ನೂ ನನ್ನ ಮುಂದಿಟ್ಟರು. "ಬಿಸಿಲು ಜಾಸ್ತಿ" ಎಂದು, ಚೀಟಿ ಗೀಟಿ ಏನೂ ಕೇಳದೆ, ಕೊಡೆಯನ್ನೂ ಇಟ್ಟರು. ತಲೆಗೆ ಟವಲು ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋಗಿ, ಅಲ್ಲಿಂದ ಮಲ್ಲಿಪಟ್ಟಣಕ್ಕೆ ಹೋದೆ. ಕೆಂಪತ್ತೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬಿಸಿಲಿಗೆ ಕೊಡೆಯನ್ನು ಮುಂದಕ್ಕೆ ಬಾಗಿಸಿದ್ದೆ, ನನ್ನ ಮುಖ ಅವಳಿಗೆ ಕಾಣಲಿಲ್ಲ. ಮದುವೆಯಲ್ಲಿ ಒಳಗಿನಿಂದಲೇ ನೋಡಿದ್ದ ಖಾಕಿ ತೇಪೆ ಕಂಡಿತು. ಮೊರ ಕೆಳಗಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ರಾಗವಾಗಿ, "ಕೊಡೆ ಬಂತು, ಬೀಗರು ಎಲ್ಲಿ?" ಎಂದಳು.

ನಾನು ಕೊಡೆ ಮಡಚಿ ಗೋಡೆಗೆ ಒರಗಿಸಿದೆ. ಅವಳ ಕೈಗೆ ಅಂಟಿದ್ದ ರಾಗಿ ಹೊಟ್ಟನ್ನು ಸೆರಗಿನಲ್ಲಿ ಒರೆಸಿ, ಶಾಯಿಡಬ್ಬಿ ತೆಗೆದು, ನಾಲ್ಕನೇ ಸಾಲಿನ ಮುಂದೆ ಹೆಬ್ಬೆಟ್ಟು ಒತ್ತಿಸಿದೆ.