ದೋಸೆಯಿಂದ ಹಾರಿದ ಫ್ಯೂಸು

ನನ್ನ ಮೊಮ್ಮಗಳು ದೇವರಿಗೆ ಕೈ ಮುಗಿಯುತ್ತಾಳೆ, ನಿಜ. ಆದರೆ ನೋಡುವುದು ದೇವರನ್ನಲ್ಲ, ಮೇಲಿರುವ ಬಲ್ಬನ್ನು! "ಅಜ್ಜೀ, ದೇವರಿಗೆ ಬರೀ ಹದಿನೈದು ವಾಟ್, ಅಪ್ಪನ ಪೇಪರಿಗೆ ಅರವತ್ತು. ಇದ್ಯಾವ ಭಕ್ತಿ?" ಎಂದು ನನ್ನನ್ನೇ ದಬಾಯಿಸುತ್ತಾಳೆ. ಬರೋಡಾದ ಕಾಲೇಜಿನಲ್ಲಿ ಸೈನ್ಸ್ ಓದುವ ಹುಡುಗಿ. ಮದುವೆಮನೆಗೆ ಹೋಗಿ ಬಂದರೆ ಹೆಣ್ಣಿನ ಸೀರೆಯ ಬಣ್ಣ ಹೇಳಲಾರಳು, ದೀಪದ ಸರ ಎಷ್ಟು ಕರೆಂಟು ಕುಡಿಯಿತು ಎಂದು ಹೇಳಿಯಾಳು!

ಮೂರನೇ ಕ್ಲಾಸೂ ಮುಗಿಸದ ನನಗೂ ಕರೆಂಟಿನ ಪಾಠವಾಯಿತು.

"ರೈಲು ಹತ್ತೋದು ನೆನಪಿಸ್ಕೋ ಅಜ್ಜೀ. ಹಿಂದಿನಿಂದ ನೂಕೋ ಬಲ ವೋಲ್ಟು. ಒಳಗೆ ನುಗ್ಗೋ ಜನ ಆಂಪಿಯರು."

"ಮತ್ತೆ ಆ ಓಮು?"

"ಬಾಗಿಲಲ್ಲಿ ಹಾಸಿಗೆ ಸುರುಳಿ ಇಟ್ಕೊಂಡು ಕೂತಿರೋ ನೀನು!"

ಸೀಮೆಎಣ್ಣೆ ಸ್ಟೋವಿನ ಹೊಗೆಗೆ ನನಗೆ ಉಬ್ಬಸ ಬರುತ್ತದೆಂದು ಮಗ ಕರೆಂಟಿನ ಒಲೆ ತಂದಿದ್ದ. ಅದು ಬಂದದ್ದೇ ತಡ, ಕೆಳಗೆ ಮೇಲೆ ಎರಡೂ ಮನೆಗೆ ಇದ್ದ ಒಂದೇ ಫ್ಯೂಸು ದಿನಾ ಬೆಳಿಗ್ಗೆ ಹೋಗತೊಡಗಿತು. ಮಹಡಿಯ ಮೇಲಿರುವ ಮನೆ ಮಾಲೀಕರು, ಮೊಮ್ಮಗಳು ಕಾಕಾ ಎನ್ನುವವರು, ಇಳಿದು ಬಂದರು. ನನ್ನನ್ನು ಅವರು 'ಬಾ', ಅಂದರೆ ಗುಜರಾತಿಯಲ್ಲಿ ತಾಯಿ, ಎಂದೇ ಕರೆಯುವುದು.

"ಬಾ, ಎಲ್ಲಾ ನಿಮ್ಮ ದೋಸೆಯಿಂದ! ಅಷ್ಟಗಲ ಹುಯ್ದರೆ ಕರೆಂಟು ತಡೆದೀತೇ? ಭಾನುವಾರದೊಳಗೆ ಒಲೆ ಹೋಗಬೇಕು, ಇಲ್ಲ ನೀವು ಹೋಗಬೇಕು."

ಮಗ ಮೆತ್ತಗಾದ. "ಹೋಗ್ಲಿ ಬಿಡಮ್ಮಾ, ಸ್ಟೋವೇ ಹಚ್ಚೋಣ."

"ತಪ್ಪೇ ಮಾಡದೆ ಯಾಕಪ್ಪಾ ಬಗ್ಗೋದು?" ಮೊಮ್ಮಗಳು ಗುಡುಗಿದಳು. ಅವಳ ಹಿಂದೆ ಸೌಟು ಹಿಡಿದು ನಾನೂ ನಿಂತೆ. ಬಗ್ಗೋದಿಲ್ಲ ಅಂದರೆ ಬಗ್ಗೋದಿಲ್ಲ!

ಭಾನುವಾರ ಕಾಲೇಜಿನಿಂದ ಕೇಳಿ ತಂದ ಎರಡು ಮೀಟರುಗಳನ್ನು ಒಲೆಗೆ ಜೋಡಿಸಿ, ಕಾಕಾರನ್ನು ಮಣೆ ಹಾಕಿ ಕೂರಿಸಿದಳು. ವೋಲ್ಟು ಇನ್ನೂರಿಪ್ಪತ್ತು. ಆಂಪಿಯರು ನಾಲ್ಕು. "ಗುಣಿಸು ಅಜ್ಜೀ!" ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಗುಣಿಸಿದೆ: ಎಂಟುನೂರ ಎಂಬತ್ತು ವಾಟು. "ಈಗ ವೋಲ್ಟನ್ನ ಆಂಪಿಯರಿಂದ ಭಾಗಿಸು!" ಐವತ್ತೈದು ಓಮು.

"ಫ್ಯೂಸು ಐದು ಆಂಪಿಯರು ತಡೆಯುತ್ತೆ ಕಾಕಾ. ಒಲೆ ಎಳೆಯೋದು ನಾಲ್ಕೇ. ಅಜ್ಜೀ, ಇನ್ನೂ ದೊಡ್ಡದು ಹುಯ್ಯಿ!"

ಕಾವಲಿಯ ತುಂಬ ಹುಯ್ದೆ. ಆಂಪಿಯರಿನ ಮುಳ್ಳು ಕದಲಲಿಲ್ಲ!

ನಮ್ಮ ಒಲೆ ಆರಿಸಿ, ಮೀಟರು ಹೊತ್ತು ಎಲ್ಲರೂ ಮಹಡಿ ಹತ್ತಿದೆವು. ಕಾಕಾ ಈ ಚಳಿಗೆಂದು ಹೊಸದಾಗಿ ತಂದು, ಸ್ನಾನದ ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ಸರಳಿಗೆ ಮೊಮ್ಮಗಳು ಅದನ್ನು ಜೋಡಿಸಿದಳು. ಮುಳ್ಳು ನಾಲ್ಕು ದಾಟಿತು, ಐದು ದಾಟಿತು, ಏಳಕ್ಕೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗೆ ಫಟ್!

ಕಾಕಾ ಸರಳನ್ನು ನೋಡಿದರು, ನನ್ನನ್ನು ನೋಡಿದರು.

"ಬಾ, ಚಟ್ನಿ ಇದೆಯಾ?"

ಕೆಳಗಿಳಿದು ಫ್ಯೂಸು ಹಾಕಿ, ನಾಲ್ಕು ದೋಸೆ ತಿಂದು, ಒಲೆ ಇರಲಿ ಎಂದು ಹೇಳಿ ಹೋದರು. ಮೊಮ್ಮಗಳು ತಂತಿ ಸುತ್ತುತ್ತಿದ್ದಳು. ಅದನ್ನು ಅಲ್ಲೇ ಬಿಟ್ಟು, ನೆಲದ ಮೇಲಿನ ಲೆಕ್ಕವನ್ನು ರಂಗೋಲಿ ಪುಡಿಯಲ್ಲಿ ಮೊದಲಿಂದ ಹಾಕತೊಡಗಿದಳು.

"ಏನೇ ಇದು? ಅಷ್ಟು ಜೋರು ಮಾಡಿದವಳು!"

"ಲೆಕ್ಕ ತಪ್ಪಿದ್ರೆ ನೀನು ಮತ್ತೆ ಆ ಹೊಗೆ ಮುಂದೆ ಕೂರಬೇಕಿತ್ತಲ್ಲ ಅಜ್ಜೀ..."

ಐವತ್ತು ವರ್ಷ ಒಲೆ ಊದಿದ್ದೇನೆ. ಉಂಡವರೆಲ್ಲ ಉಪ್ಪು ಹೆಚ್ಚಾಯಿತು, ಖಾರ ಕಮ್ಮಿಯಾಯಿತು ಎಂದು ಹೇಳಿದ್ದಾರೆ. ನನ್ನ ಉಸಿರಿಗೆ ಲೆಕ್ಕ ಹಾಕಿದವಳು ಇವಳೊಬ್ಬಳೇ. ರಂಗೋಲಿ ಪುಡಿ ಮೆತ್ತಿದ ಅವಳ ಕೈಯನ್ನು ಹಿಟ್ಟು ಮೆತ್ತಿದ ನನ್ನ ಕೈಯಲ್ಲಿ ಹಾಗೇ ಹಿಡಿದುಕೊಂಡು ಕೂತೆ.